ಪಣ ಉಂಟೇ ಎಂದು ಕೇಳಿದರು, ಪ್ರಾಯ ಕೇಳಲಿಲ್ಲ

ಕಾಡುಗೋಡಿಯಲ್ಲಿರುವ 11ನೇ ಶತಮಾನದ, ಚೋಳರ ಕಾಲದ ಶಾಸನವೊಂದು ಪಟ್ಟಂದೂರಿನ ಕೆರೆಯನ್ನು ಹೆಸರಿಸುತ್ತದೆ. ಸಾವಿರ ವರ್ಷದ ಹೆಸರುಳ್ಳ ಆ ಊರಿನ ಹೊಲಗಳ ಆಸುಪಾಸಿನಲ್ಲೇ ಐಟಿಪಿಎಲ್ ಎದ್ದು ನಿಂತಿತು. ಸಿಂಗಪುರದ ಕಂಪನಿಗಳ ಕೂಟ, ಟಾಟಾ ಸಮೂಹ ಮತ್ತು ಕರ್ನಾಟಕ ಸರ್ಕಾರ ಸೇರಿ 1994ರಲ್ಲಿ ಕೈಗೆತ್ತಿಕೊಂಡ ಟೆಕ್ ಪಾರ್ಕ್ ಅದು. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ ಓಡತೊಡಗಿದಾಗ ಪಟ್ಟಂದೂರು ಅಗ್ರಹಾರದ ಹೆಸರು ನೇರಳೆ ಮಾರ್ಗದ ನಿಲ್ದಾಣವೊಂದರ ಫಲಕಕ್ಕೂ ಏರಿತು. ಈ ಮೆಟ್ರೊದಲ್ಲಿ ಅಪ್ಪನ ಫೋನು ಹಿಡಿದು ಬಂದೂಕಿನ ಆಟ ಆಡುವ ಮಕ್ಕಳು ಯಾವ ಹೊತ್ತಿನಲ್ಲೂ ಕಾಣಸಿಗುತ್ತಾರೆ. ಇದೇ ನಗರದ ಸ್ಟುಡಿಯೊಗಳಲ್ಲಿ ಜಗತ್ತಿನ ಅತಿ ಹಿಂಸಾತ್ಮಕ ಎನಿಸಿದ ಆಟಗಳ ಚಿತ್ರಗಳೂ ರೂಪುಗೊಳ್ಳುತ್ತವೆ. ಆಟ ತಯಾರಾಗುವ ಊರೂ ಇದೇ, ಆಡುವ ಊರೂ ಇದೇ. ಆದರೂ ಯಾವ ಆಟ ಎಷ್ಟನೇ ವಯಸ್ಸಿಗೆ ಎಂದು ಹೇಳುವ ನಮ್ಮದೇ ಆದ ಒಂದು ಗುರುತು ಈ ತನಕ ನಮಗಿಲ್ಲ. ವಿಡಿಯೋ ಗೇಮ್ ಮೇಲೆ ಸರ್ಕಾರದ ಕಣ್ಣು ಬೀಳದೆ ಹೀಗಾಯಿತು ಎಂದು ಅನೇಕರು ತಿಳಿದಿದ್ದಾರೆ. ಚರಿತ್ರೆ ನೋಡಿದರೆ ಹಾಗಿಲ್ಲ. ಬೆಂಗಳೂರಿನ ಪೊಲೀಸರು, ವಕೀಲರು, ನ್ಯಾಯಾಧೀಶರು, ಶಾಸಕರು ಮೂರು ದಶಕಕ್ಕೂ ಮಿಕ್ಕಿ ಈ ಆಟಗಳನ್ನು ಹಿಡಿದು ವಾದಿಸಿದ್ದಾರೆ. ವಾದವೆಲ್ಲ ದುಡ್ಡಿನ ಸುತ್ತ ಸುತ್ತಿತು, ಮಗುವಿನ ಕಡೆಗೆ ತಿರುಗಲೇ ಇಲ್ಲ ಎಂಬುದು ನನ್ನ ವಾದ.

ಶುರುವಾದದ್ದು ವಿಡಿಯೋ ಪಾರ್ಲರ್‌ಗಳಿಂದ. ಕ್ಯಾಸೆಟ್ ಹಾಕಿ ಟಿವಿಯಲ್ಲಿ ಸಿನಿಮಾ ತೋರಿಸುವ ಅಂಗಡಿಗಳು 1980ರ ದಶಕದ ಆರಂಭದಲ್ಲಿ ಹೆಚ್ಚಿದಾಗ ಅವುಗಳ ಪರವಾನಗಿಗೆಂದೇ ರಾಜ್ಯ 1983ರಲ್ಲಿ ಪ್ರತ್ಯೇಕ ಕಾಯ್ದೆ ತಂದಿತು. ಆಮೇಲೆ ನಾಣ್ಯ ಹಾಕಿ ಆಡುವ ಯಂತ್ರಗಳು ಬಂದವು. ಬೆಂಗಳೂರು ನಗರಕ್ಕೆ ಅನ್ವಯಿಸುವಂತೆ 1989ರಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣ ಆದೇಶ ಹೊರಟಿತು. ಇದರ ಬೇರು ಇದ್ದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ. ಪಾರ್ಲರ್ ನಡೆಸುವವರು ಪೊಲೀಸ್ ಕಮಿಷನರ್ ಮುಂದೆ ಪರವಾನಗಿಗೆ ನಿಲ್ಲಬೇಕಾಯಿತು. ಪರವಾನಗಿ ಸಿಗದವರು ಹೈಕೋರ್ಟ್ ಹತ್ತಿದರು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋದರು. ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಎಂದು ಹೆಸರಾದ ಆ ಪ್ರಕರಣದ ತೀರ್ಪು 1995ರಲ್ಲಿ ಬಂತು. ವಿಡಿಯೋ ಗೇಮ್ ಕುರಿತ ಭಾರತದ ಚರ್ಚೆಯಲ್ಲಿ ಇಂದಿಗೂ ಉಲ್ಲೇಖವಾಗುವ ಈ ತೀರ್ಪಿನ ಮೂಲ ಬೆಂಗಳೂರಿನ ಪಾರ್ಲರ್‌ಗಳಲ್ಲಿದೆ ಎಂಬುದನ್ನು ಇಲ್ಲಿನವರೇ ಮರೆತಿದ್ದಾರೆ.

ಕೋರ್ಟಿನ ಮುಂದಿದ್ದ ಪ್ರಶ್ನೆ ಇಷ್ಟು. ಯಂತ್ರದ ಮುಂದೆ ಕೂತವನು ತನ್ನ ಚಾಕಚಕ್ಯತೆಯಿಂದ ಗೆಲ್ಲುತ್ತಾನೋ, ಅದೃಷ್ಟದಿಂದಲೋ? ಅದೃಷ್ಟ ಬೆರೆತಿದ್ದರೆ ಅದು ಜೂಜು, ಅದರ ಮೇಲೆ ಸರ್ಕಾರದ ಹಿಡಿತ ಇರಲೇಬೇಕು. ಯಂತ್ರವನ್ನು ಮಾಲೀಕನ ಲಾಭಕ್ಕೆ ತಕ್ಕಂತೆ ತಿದ್ದಿಡಬಹುದು, ಆಗ ಆಡುವವನಿಗೆ ಗೆಲ್ಲುವ ದಾರಿಯೇ ಇರುವುದಿಲ್ಲ ಎಂಬ ಆತಂಕವೂ ಅಲ್ಲಿ ಚರ್ಚೆಗೆ ಬಂತು. ಪರವಾನಗಿ ಪದ್ಧತಿ ಸರಿಯೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೂಲಿಯ ದುಡ್ಡು ಯಂತ್ರಕ್ಕೆ ಸುರಿದು ಬರಿಗೈಯಲ್ಲಿ ಮನೆಗೆ ಹೋಗುವವರನ್ನು ಕಾಪಾಡಬೇಕೆಂಬ ಆ ಕಾಳಜಿಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಅದು ನ್ಯಾಯವಾದ ಕಾಳಜಿಯೇ. ಆದರೆ ಅದರಿಂದ ಮುಂದೆ ಒಂದು ಪರಿಣಾಮ ಆಯಿತು. ಪರವಾನಗಿ ಎಲ್ಲ ಯಂತ್ರಕ್ಕೂ ಬೇಕಾದರೂ ಅನುಮಾನ ಬಿದ್ದದ್ದು ಇಸ್ಪೀಟು, ಅಂಕಿಗಳ ಯಂತ್ರಗಳ ಮೇಲೆ. ಎದುರಾಳಿಯ ತಲೆ ಒಡೆಯುವ ಯಂತ್ರ ಕೈಚಳಕದ ಆಟ. ಹಾಗಾಗಿ ಅದರ ಬಗ್ಗೆ ಕೇಳಲು ಕಾನೂನಿಗೆ ಏನೂ ಉಳಿಯಲಿಲ್ಲ. ಚಾಕಚಕ್ಯತೆ ಹೆಚ್ಚಿದ್ದಷ್ಟೂ ಆಟ ನಿರ್ದೋಷಿ ಎಂಬ ಅಳತೆಗೋಲು ಅಲ್ಲಿ ನೆಲೆಗೊಂಡಿತು. ಪರದೆಯ ಮೇಲೆ ಏನು ನಡೆಯುತ್ತಿದೆ, ಅದನ್ನು ನೋಡುತ್ತಿರುವವನಿಗೆ ಎಷ್ಟು ವಯಸ್ಸು ಎಂಬ ಪ್ರಶ್ನೆಗೆ ಆ ಅಳತೆಗೋಲಿನಲ್ಲಿ ಗೆರೆಯೇ ಇರಲಿಲ್ಲ.

ಅದೇ ವರ್ಷಗಳಲ್ಲಿ ಅಮೆರಿಕ ಬೇರೆ ಪ್ರಶ್ನೆ ಕೇಳುತ್ತಿತ್ತು. 1976ರಲ್ಲಿ ಎಕ್ಸಿಡಿ ಕಂಪನಿಯ ‘ಡೆತ್ ರೇಸ್’ ಯಂತ್ರದಲ್ಲಿ ಕಡ್ಡಿಯಂಥ ಆಕೃತಿಗಳ ಮೇಲೆ ಕಾರು ಹಾಯಿಸಿ ಅಂಕ ಗಳಿಸಬೇಕಿತ್ತು; ಅಲ್ಲಿ ಮೊದಲ ಗದ್ದಲ ಎದ್ದಿತು. 1992ರ ‘ಮಾರ್ಟಲ್ ಕಾಂಬ್ಯಾಟ್’ ಆಟದಲ್ಲಿ ಗೆದ್ದವನು ಸೋತವನ ಎದೆಗೆ ಕೈಹಾಕಿ ಹೃದಯ ಕಿತ್ತು ತೆಗೆಯುತ್ತಿದ್ದ. 1993ರ ಡಿಸೆಂಬರ್‌ನಲ್ಲಿ ಸೆನೆಟರ್‌ಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಈ ಆಟವನ್ನೂ ‘ನೈಟ್ ಟ್ರ್ಯಾಪ್’ ಎಂಬ ಇನ್ನೊಂದನ್ನೂ ಮುಂದಿಟ್ಟುಕೊಂಡು ವಿಚಾರಣೆ ನಡೆಸಿದರು. ನೀವೇ ರೇಟಿಂಗ್ ಮಾಡಿಕೊಳ್ಳಿ, ಇಲ್ಲವೇ ಸರ್ಕಾರ ಮಾಡುತ್ತದೆ ಎಂಬ ಒತ್ತಡಕ್ಕೆ ಮಣಿದ ಉದ್ಯಮ 1994ರಲ್ಲಿ ಇಎಸ್‌ಆರ್‌ಬಿ ಎಂಬ ಮಂಡಳಿ ಕಟ್ಟಿತು. ಜರ್ಮನಿಯ ಯುಎಸ್‌ಕೆ ಕೂಡ ಅದೇ ವರ್ಷದ್ದು. ಜಪಾನಿನ ಸೆರೊ 2002ರಲ್ಲಿ, ಯುರೋಪಿನ ಪೆಗಿ 2003ರಲ್ಲಿ ಬಂದವು. ಪಟ್ಟಂದೂರು ಅಗ್ರಹಾರದಲ್ಲಿ ಟೆಕ್ ಪಾರ್ಕ್‌ನ ಕನಸು ಮೊಳೆತ ವರ್ಷವೂ, ಜಗತ್ತು ಆಟದ ಡಬ್ಬದ ಮೇಲೆ ವಯಸ್ಸು ಬರೆಯತೊಡಗಿದ ವರ್ಷವೂ 1994 ಎಂಬುದು ಬರೀ ಕಾಕತಾಳೀಯ. ಆದರೆ ಆ ತಂತ್ರಜ್ಞಾನವನ್ನು ಅಷ್ಟು ಆದರದಿಂದ ಬರಮಾಡಿಕೊಂಡ ನಾವು ಅದರ ಬೆನ್ನಿಗೇ ಬಂದ ಈ ಎಚ್ಚರವನ್ನು ಬರಮಾಡಿಕೊಳ್ಳಲಿಲ್ಲ ಎಂಬುದು ಕಾಕತಾಳೀಯವಲ್ಲ.

ಆ ಎಚ್ಚರ ನಮ್ಮಲ್ಲಿಗೆ ತಲುಪದಿರಲು ಮಾರುಕಟ್ಟೆಯ ರೀತಿಯೂ ಕಾರಣ. ಇಎಸ್‌ಆರ್‌ಬಿಯ ಗುರುತು ಇರುತ್ತಿದ್ದದ್ದು ಆಟದ ಡಬ್ಬದ ಮೇಲೆ. ಮುಂಭಾಗದ ಮೂಲೆಯಲ್ಲಿ ಕಪ್ಪು ಬಿಳುಪಿನ ಒಂದು ಚೌಕ, ಅದರೊಳಗೆ ದಪ್ಪ ಅಕ್ಷರ. ಹದಿನೇಳು ದಾಟಿದವರಿಗೆ ಎಂದರೆ ‘ಎಂ’. ಹಿಂಭಾಗದಲ್ಲಿ ರಕ್ತ, ಹಿಂಸೆ, ಬೈಗುಳ ಎಂದು ಕಾರಣ. ಬೆಂಗಳೂರಿನ ಮನೆಗಳಿಗೆ ಆಟ ಬಂದದ್ದು ಡಬ್ಬದಲ್ಲಲ್ಲ. 90ರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ನಕಲಿ ಯಂತ್ರಗಳ ಜೊತೆ ನೂರಾರು ಆಟ ತುಂಬಿದ ಹಳದಿ ‘ಕ್ಯಾಸೆಟ್’ ಬಂತು. ಆಮೇಲೆ ಕಂಪ್ಯೂಟರ್ ಬಂದಾಗ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ತೆಳು ಪ್ಲಾಸ್ಟಿಕ್ ಕವರಿನ ಸಿಡಿ ಬಂತು, ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೀಚಿದ ಹೆಸರಷ್ಟೇ. 2002ರ ‘ಗ್ರ್ಯಾಂಡ್ ಥೆಫ್ಟ್ ಆಟೊ: ವೈಸ್ ಸಿಟಿ’ ಅಮೆರಿಕದಲ್ಲಿ ‘ಎಂ’ ರೇಟಿಂಗ್ ಪಡೆದ ಆಟ. ಇಲ್ಲಿ ಅದನ್ನು ಸೈಬರ್ ಕೆಫೆಗಳಲ್ಲಿ ಹೈಸ್ಕೂಲ್ ಹುಡುಗರು ಗಂಟೆಯ ಲೆಕ್ಕದಲ್ಲಿ ಆಡಿದರು. ಗುರುತು ಓದಿಯೂ ಅದನ್ನು ಮೀರಿದ ತಂದೆತಾಯಿ ಇವರಲ್ಲ. ಅಂಥದೊಂದು ಗುರುತು ಇದೆಯೆಂದೇ ಇವರಿಗೆ ಯಾರೂ ಹೇಳಿರಲಿಲ್ಲ.

ಸಿನಿಮಾದ ಮಾತು ಹೀಗಿಲ್ಲ. 1918ರ ಕಾಯ್ದೆಯ ಮೇರೆಗೆ 1920ರಲ್ಲಿ ಬಾಂಬೆ, ಕಲ್ಕತ್ತ, ಮದ್ರಾಸ್, ರಂಗೂನ್‌ಗಳಲ್ಲಿ ಸೆನ್ಸಾರ್ ಮಂಡಳಿಗಳು ಕೂತವು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಸ್ವತಂತ್ರ ಭಾರತದ ಪದ್ಧತಿಯನ್ನು ಗಟ್ಟಿ ಮಾಡಿತು. ತಮ್ಮ ಸಾಕ್ಷ್ಯಚಿತ್ರಕ್ಕೆ ‘ಯು’ ಸಿಗದ ಕೆ.ಎ. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದಾಗ 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರಿದ್ದ ಪೀಠ, ಚಲನಚಿತ್ರ ಮನಸ್ಸನ್ನು ಉಳಿದ ಕಲೆಗಳಿಗಿಂತ ಹೆಚ್ಚು ಕಲಕಬಲ್ಲದು, ಆದ್ದರಿಂದ ದೊಡ್ಡವರ ಚಿತ್ರ, ಎಲ್ಲರ ಚಿತ್ರ ಎಂಬ ವಿಂಗಡಣೆ ಸರಿ ಎಂದಿತು. 1983ರಲ್ಲಿ ‘ಯುಎ’ ಸೇರಿತು. 2023ರ ತಿದ್ದುಪಡಿ ಅದನ್ನು 7, 13, 16 ಎಂದು ಒಡೆಯಿತು. ಫಲವೇನೆಂದರೆ, ಓದುಬರಹ ಬಾರದವರೂ ‘ಎ ಸರ್ಟಿಫಿಕೇಟ್ ಪಿಚ್ಚರ್, ಮಕ್ಕಳನ್ನ ಕರ್ಕೊಂಡು ಹೋಗಬೇಡಿ’ ಎನ್ನುತ್ತಾರೆ. ಚಿತ್ರ ಶುರುವಾಗುವ ಮುಂಚೆ ಪರದೆಯ ತುಂಬ ಪ್ರಮಾಣಪತ್ರ ಬಂದು ನಿಲ್ಲುತ್ತದೆ, ಜನ ಅದನ್ನು ಓದುತ್ತಾರೆ. ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ, ಅಲ್ಲಿ ಕನ್ನಡ ಬಲ್ಲವರು ಕನ್ನಡ ಚಿತ್ರ ನೋಡಿ ತೀರ್ಮಾನಿಸುತ್ತಾರೆ. ಆ ಮಂಡಳಿಯ ಕತ್ತರಿಯ ಬಗ್ಗೆ ನನಗೆ ತಕರಾರುಗಳಿವೆ, ಅದು ಬೇರೆ ಲೇಖನದ ಮಾತು. ವಯಸ್ಸು ಬರೆಯುವ ಅದರ ಕೆಲಸ ಮಾತ್ರ ನೂರು ವರ್ಷದಲ್ಲಿ ಜನರ ನಾಲಿಗೆಗೆ ಇಳಿದಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಒಟಿಟಿಯ ವೆಬ್ ಸರಣಿಗಳಿಗೂ ಇದೇ ಬಗೆಯ ಐದು ಹಂತದ ವರ್ಗೀಕರಣ ತಂದವು. ಹಾಗಾಗಿ ಈಗ ಒಂದೇ ಫೋನಿನಲ್ಲಿ ನೋಡುವ ಕೊಲೆಗೆ ಭಾರತದ ನಿಯಮದ ಗುರುತಿದೆ, ಬೆರಳೊತ್ತಿ ಮಾಡುವ ಕೊಲೆಗೆ ಇಲ್ಲ.

ಆಟದ ಪುಟದಲ್ಲಿ ‘12+’ ಎಂದೇನೋ ಬರೆದಿರುತ್ತದಲ್ಲ ಎಂದು ಕೇಳಬಹುದು. ನಿಜ, ಬರೆದಿರುತ್ತದೆ. ಗೂಗಲ್ ಪ್ಲೇ ಸ್ಟೋರ್ 2015ರಲ್ಲಿ ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಪದ್ಧತಿಗೆ ಸೇರಿತು. ಆಟ ತಯಾರಿಸಿದವರು ಒಂದು ಪ್ರಶ್ನಾವಳಿ ತುಂಬುತ್ತಾರೆ. ರಕ್ತ ಇದೆಯೇ, ಮನುಷ್ಯಾಕೃತಿಗೆ ಪೆಟ್ಟಾಗುತ್ತದೆಯೇ, ಹೆದರಿಸುವ ದೃಶ್ಯ ಉಂಟೇ ಎಂಬಂಥ ಪ್ರಶ್ನೆಗಳು ಅವು. ಉತ್ತರಗಳಿಂದ ಗಣಕವೇ ರೇಟಿಂಗ್ ಕೂಡಿಸುತ್ತದೆ. ಅದೇ ಉತ್ತರಗಳಿಗೆ ಅಮೆರಿಕದಲ್ಲಿ ಇಎಸ್‌ಆರ್‌ಬಿಯ ಅಕ್ಷರ, ಯುರೋಪಿನಲ್ಲಿ ಪೆಗಿಯ ಅಂಕಿ, ಜರ್ಮನಿಯಲ್ಲಿ ಯುಎಸ್‌ಕೆಯ ಬಣ್ಣ ಬರುತ್ತದೆ. ತಮ್ಮದೇ ಮಂಡಳಿ ಇಲ್ಲದ ದೇಶಗಳಿಗೆ ಒಂದು ಸಾಮಾನ್ಯ ಅಂಕಿ. ಭಾರತ ಆ ಸಾಲಿನಲ್ಲಿದೆ. ಅಂದರೆ ನಮ್ಮ ಮಕ್ಕಳ ವಯಸ್ಸನ್ನು ಯಾರೋ ಲೆಕ್ಕ ಹಾಕುತ್ತಿದ್ದಾರೆ, ನಾವಲ್ಲ. ಆ ಅಂಕಿಯಾದರೂ ಕಣ್ಣಿಗೆ ಹೊಡೆಯುವಂತಿದೆಯೇ? ಸ್ಟಾರ್ ಗುರುತು, ಡೌನ್‌ಲೋಡ್ ಲೆಕ್ಕದ ಪಕ್ಕ, ಇನ್‌ಸ್ಟಾಲ್ ಗುಂಡಿಯ ಮೇಲೆ ಉಗುರಿನಷ್ಟು ಜಾಗದಲ್ಲಿ ಅದು ಕೂತಿರುತ್ತದೆ. ಕಾರಣ ತಿಳಿಯಬೇಕಾದರೆ ಅದನ್ನು ಒತ್ತಿ ಒಳಗೆ ಹೋಗಬೇಕು.

ಈ ನಡುವೆ ದೊಡ್ಡ ನಿಷೇಧವೂ ನಡೆಯಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ತಡೆದಾಗ ಪಬ್‌ಜಿ ಮೊಬೈಲ್ ಅದರಲ್ಲಿತ್ತು. ಮಕ್ಕಳು ಹಾಳಾಗುತ್ತಿದ್ದಾರೆಂದು ಬೇಸತ್ತಿದ್ದ ತಂದೆತಾಯಿ ಸಮಾಧಾನಪಟ್ಟರು. ಆದರೆ ಆದೇಶದ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ರಕ್ಷಣೆ, ಆಟದೊಳಗಿನ ಬಂದೂಕಲ್ಲ. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, ಗುಂಡು ತಗುಲಿದವನಿಂದ ಚಿಮ್ಮುವ ರಕ್ತ ಈ ಬಾರಿ ಹಸಿರು. 2022ರಲ್ಲಿ ಮತ್ತೆ ತೆರವಾಗಿ 2023ರಲ್ಲಿ ಬಂದಾಗ ಹದಿನೆಂಟರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇತ್ತು. ರಕ್ತ ಹಸಿರಾದರೆ ಹತ್ತು ವರ್ಷದ ಮಗುವಿಗೆ ಆಟ ಹೊಂದುತ್ತದೆಯೇ, ಹದಿಮೂರಕ್ಕೆ ಹೊಂದುತ್ತದೆಯೇ ಎಂದು ಬಹಿರಂಗವಾಗಿ ತೂಗಿ ನೋಡುವ ಮಂಡಳಿಯೊಂದು ಇದ್ದಿದ್ದರೆ ಈ ಬದಲಾವಣೆಗಳಿಗೆ ಒಂದು ಅರ್ಥ ಬರುತ್ತಿತ್ತು.

ಕಾನೂನು ಮತ್ತೆ ಹಳೆಯ ಪ್ರಶ್ನೆಗೇ ಹೋಯಿತು. 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತು ರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಕೈಚಳಕವೋ ಅದೃಷ್ಟವೋ ಎಂಬ ವ್ಯಾಜ್ಯ, ಶಿವಾನಿ ಪ್ರಕರಣದ ಉಲ್ಲೇಖ, ಎಲ್ಲವೂ ಮತ್ತೆ ಬಂದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ಪೂರ್ತಿ ನಿಷೇಧಿಸಿತು. ಅದನ್ನು ಪ್ರಶ್ನಿಸಿದ ಮೊದಲ ಅರ್ಜಿಗಳಲ್ಲಿ ಒಂದು ಕರ್ನಾಟಕ ಹೈಕೋರ್ಟಿಗೇ ಬಂತು. ಆ ಕಾಯ್ದೆ ಆಟಗಳನ್ನು ಹಣದ ಆಟ, ಇ-ಸ್ಪೋರ್ಟ್ಸ್, ಸಾಮಾಜಿಕ ಆಟ ಎಂದು ವಿಂಗಡಿಸುತ್ತದೆ. ವಿಂಗಡಣೆಯ ತಳಹದಿ ಈಗಲೂ ಹಣವೇ. ಸಾಮಾಜಿಕ ಆಟಗಳ ಭಾಗದಲ್ಲಿ ವಯಸ್ಸಿಗೆ ತಕ್ಕ ಆಟ ಎಂಬ ಮಾತು ಬರುತ್ತದೆ. ಆ ಒಂದು ಮಾತನ್ನು ಹಿಡಿದು ಮುಂದೆ ಹೋಗಲು ಅವಕಾಶ ಇದೆ.

ಇಲ್ಲಿ ನಮ್ಮವರು ಎತ್ತುವ ಮೊದಲ ಆಕ್ಷೇಪ ತೂಕದ್ದು. ಹಿಂಸೆಯನ್ನು ಕಾಣದೆ ಬೆಳೆದ ಮಗು ನಮ್ಮಲ್ಲಿ ಯಾವುದು? ಬೆಂಗಳೂರಿನ ಹೆಸರು ಮೊದಲು ಸಿಗುವುದೇ ಬೇಗೂರಿನ ವೀರಗಲ್ಲಿನಲ್ಲಿ, ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲಿನಲ್ಲಿ. ಯಕ್ಷಗಾನದಲ್ಲಿ, ಹರಿಕಥೆಯಲ್ಲಿ ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುವುದನ್ನು ಮಕ್ಕಳು ಕಣ್ಣರಳಿಸಿ ನೋಡಿದ್ದಾರೆ. ಗುಮ್ಮ ಬರುತ್ತಾನೆ ಎಂದು ಹೆದರಿಸಿ ಅನ್ನ ತಿನ್ನಿಸಿದ್ದೇವೆ. ಇದೆಲ್ಲ ಸತ್ಯವೇ. ಆದರೆ ಗುಮ್ಮನನ್ನು ಕರೆಯುವ ಅಜ್ಜಿಯೇ ಅವನನ್ನು ಓಡಿಸುವವಳು. ಮಗುವಿನ ಮುಖ ಬಾಡಿದ ಕ್ಷಣ ಕಥೆಯ ಹದ ಬದಲಿಸುತ್ತಾಳೆ. 2017ರಲ್ಲಿ ಬಂದು ಮಕ್ಕಳ ನಡುವೆ ಹಬ್ಬಿದ ‘ಗ್ರಾನಿ’ ಎಂಬ ಮೊಬೈಲ್ ಆಟ ನೋಡಿ. ಅದರಲ್ಲಿ ಅಜ್ಜಿಯೇ ಭೂತ. ಕತ್ತಲ ಮನೆಯಲ್ಲಿ ಕೂಡಿಹಾಕಿದ್ದಾಳೆ, ತಪ್ಪಿಸಿಕೊಳ್ಳಲು ಐದು ದಿನ. ಕಾಲಡಿಯ ಹಲಗೆ ಕಿರ್ರೆಂದರೆ, ಕೈಯಲ್ಲಿದ್ದುದು ಕೆಳಗೆ ಬಿದ್ದರೆ ಸದ್ದು ಹಿಡಿದು ಬರುತ್ತಾಳೆ, ಬ್ಯಾಟಿನಿಂದ ಹೊಡೆಯುತ್ತಾಳೆ. ಆಡುವವನು ಮಂಚದಡಿ ಅವಿತು ಉಸಿರು ಬಿಗಿಹಿಡಿದು ಅವಳ ಕಾಲುಗಳನ್ನೇ ನೋಡುತ್ತಿರಬೇಕು. ಹದಿನಾರರ ಹುಡುಗನಿಗೆ ಇದು ಸೊಗಸಾದ ರೋಮಾಂಚನ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ಹೊದಿಕೆಯೊಳಗೆ ಒಬ್ಬಂಟಿಯಾಗಿ ಆಡುವ ಏಳು ವರ್ಷದ ಮಗುವಿನ ಮುಖ ನೋಡಿ ಹದ ಬದಲಿಸುವವರು ಅಲ್ಲಿ ಯಾರೂ ಇಲ್ಲ. ಆ ಅಜ್ಜಿ ಮಾಡುತ್ತಿದ್ದ ಅಂದಾಜಿನ ಒಂದು ಪಾಲನ್ನಾದರೂ ಆಟ ಕೈಗೆ ಬರುವ ಮೊದಲೇ ಯಾರಾದರೂ ಮಾಡಿಡಬೇಕು. ವಯಸ್ಸಿನ ಗುರುತೆಂದರೆ ಅಷ್ಟೇ.

ಎರಡನೆಯ ಆಕ್ಷೇಪ ಪುರಾವೆಯದು. ಹಿಂಸೆಯ ಆಟ ಆಡಿದವರು ಹಿಂಸಾಚಾರಿಗಳಾಗುತ್ತಾರೆ ಎಂಬುದು ಸಾಬೀತಾಗಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಇಂಥ ಆಟಗಳನ್ನು ಮಕ್ಕಳಿಗೆ ಮಾರುವುದನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ಇದೇ ಆಧಾರದ ಮೇಲೂ ತಳ್ಳಿಹಾಕಿತು. ಅಮೆರಿಕದ ಮನೋವಿಜ್ಞಾನ ಸಂಘ 2020ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಕೂಗಾಟ, ತಳ್ಳಾಟದಂಥ ಸಣ್ಣ ಆಕ್ರಮಣಶೀಲತೆಯ ಜೊತೆ ಅಲ್ಪ ಸಂಬಂಧ ಕಾಣುತ್ತದೆ, ಆದರೆ ಗಂಭೀರ ಹಿಂಸಾಚಾರವನ್ನು ಆಟಗಳ ತಲೆಗೆ ಕಟ್ಟುವುದು ವಿಜ್ಞಾನವಲ್ಲ. ಕೊಲೆಯ ಸುದ್ದಿ ಬಂದಾಗಲೆಲ್ಲ ಆಟ ನಿಷೇಧಿಸಿ ಎಂದು ಕೂಗುವವರ ಜೊತೆ ನಾನಿಲ್ಲ. ಆದರೆ ರೇಟಿಂಗ್ ಬೇಕೆನ್ನಲು ಮಗು ಕೊಲೆಗಾರನಾಗುವ ಭಯ ಬೇಕಿಲ್ಲ. ನಿದ್ದೆಗೆಡುವುದು, ಕತ್ತಲಿಗೆ ಬೆಚ್ಚುವುದು, ಒಬ್ಬಂಟಿಯಾಗಿ ಮಲಗಲು ಅಳುವುದು, ಇವು ಸಾಲವೇ? 2011ರ ಆ ತೀರ್ಪು ಕೂಡ ನಿಷೇಧವನ್ನು ತಳ್ಳಿಹಾಕುವಾಗ, ಉದ್ಯಮದ ಸ್ವಯಂ ರೇಟಿಂಗ್ ಪದ್ಧತಿ ಚೆನ್ನಾಗಿ ನಡೆಯುತ್ತಿದೆ ಎಂಬುದನ್ನೇ ಒಂದು ಕಾರಣವಾಗಿ ಕೊಟ್ಟಿತು. ಗುರುತು ಇದ್ದುದರಿಂದಲೇ ಅಲ್ಲಿ ನಿಷೇಧ ಬೇಡವಾಯಿತು. ನಮ್ಮಲ್ಲಿ ಗುರುತು ಇಲ್ಲ, ಹಾಗಾಗಿ ಕೈಗೆ ಸಿಗುವ ಒಂದೇ ಅಸ್ತ್ರ ನಿಷೇಧ.

ಗುರುತು ಹಾಕಿದರೆ ಯಾರು ಪಾಲಿಸುತ್ತಾರೆ ಎನ್ನುವವರಿಗೂ ಚರಿತ್ರೆಯಲ್ಲಿ ಉತ್ತರವಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಚಿಕ್ಕ ವಯಸ್ಸಿನವರನ್ನೇ ಗಿರಾಕಿಗಳಾಗಿ ಅಂಗಡಿಗಳಿಗೆ ಕಳಿಸಿ ಪರೀಕ್ಷೆ ಮಾಡಿತ್ತು. 2000ದಲ್ಲಿ ಅವರಲ್ಲಿ ಶೇ 85ರಷ್ಟು ಮಂದಿಗೆ ‘ಎಂ’ ಆಟ ಸಿಕ್ಕಿತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅದು ಶೇ 13ಕ್ಕೆ ಇಳಿಯಿತು. ಹದಿಮೂರು ವರ್ಷ ಹಿಡಿಯಿತು, ಆದರೆ ಇಳಿಯಿತು. ನಮ್ಮ ಪರಿಸ್ಥಿತಿ ಇನ್ನೂ ಕಷ್ಟದ್ದು ಎಂಬುದನ್ನು ಮರೆಮಾಚುವುದಿಲ್ಲ. ಇಲ್ಲಿ ಅಂಗಡಿಯವನೇ ಇಲ್ಲ, ಒಂದು ಫೋನು ಮನೆಮಂದಿಗೆಲ್ಲ. ಆಧಾರ್ ಕೇಳಿ ವಯಸ್ಸು ತಪಾಸಣೆ ಮಾಡಿ ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ಮಗುವಿನ ರಕ್ಷಣೆಯ ಹೆಸರಲ್ಲಿ ಎಲ್ಲರ ಗುರುತನ್ನೂ ಕಂಪನಿಗಳಿಗೆ ಒಪ್ಪಿಸುವುದು ದುಬಾರಿ ಬೆಲೆ. ನಾನು ಕೇಳುತ್ತಿರುವುದು ಬೀಗವಲ್ಲ, ತಂದೆತಾಯಿಗೆ ಅರ್ಥವಾಗುವ ಮಾಹಿತಿ. 2014ರಿಂದ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ ಫೋನು, ಆಟಗಳ ಗೀಳಿಗೆ ಸಿಕ್ಕವರಿಗೆ ನೆರವಾಗುತ್ತಿದೆ. ಬೆಂಗಳೂರು ಈ ತೊಂದರೆಗೆ ಚಿಕಿತ್ಸೆ ಕೊಡಲು ದೇಶದಲ್ಲೇ ಮೊದಲಾಗಿ ಮುಂದೆ ಬಂದ ಊರುಗಳಲ್ಲಿ ಒಂದು. ಚಿಕಿತ್ಸೆಗೂ ಮೊದಲು ಬೇಕಾದ ತಿಳಿವಳಿಕೆಯಲ್ಲಿ ಅದು ಹಿಂದೆ ಉಳಿಯಬೇಕಾಗಿಲ್ಲ.

ತಿಳಿದವರ ಕೊರತೆಯೂ ಇಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್ಯಾಕ್ಟಿವ್ ದೇಶದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. 2019ರಲ್ಲಿ ಅದನ್ನು ಕೊಂಡದ್ದು ‘ಗ್ರ್ಯಾಂಡ್ ಥೆಫ್ಟ್ ಆಟೊ’ದ ಒಡೆಯರಾದ ರಾಕ್‌ಸ್ಟಾರ್ ಗೇಮ್ಸ್. ಇಲ್ಲಿನ ಕಲಾವಿದರು ಅಮೆರಿಕಕ್ಕೆ ‘ಎಂ’, ಯುರೋಪಿಗೆ 18 ಎಂಬ ಗುರುತು ಹೊತ್ತು ಹೋಗುವ ಆಟಗಳಿಗೆ ದುಡಿದಿದ್ದಾರೆ. ಎಷ್ಟು ರಕ್ತ ಕಂಡರೆ ಯಾವ ಗುರುತು ಬೀಳುತ್ತದೆ ಎಂಬುದು ಈ ಕಸುಬಿನಲ್ಲಿ ಇರುವವರಿಗೆ ದಿನನಿತ್ಯದ ಲೆಕ್ಕ. ಆ ಜ್ಞಾನ ಹೊರದೇಶದ ಮಕ್ಕಳಿಗೆ ಸಲ್ಲುತ್ತಿದೆ, ಪಟ್ಟಂದೂರು ಅಗ್ರಹಾರದ ಮಕ್ಕಳಿಗೆ ಸಲ್ಲುತ್ತಿಲ್ಲ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. 2024ರಲ್ಲಿ ಅದರ ಮೂರನೆಯ ಆವೃತ್ತಿಯೂ ಬಂತು. ಉದ್ಯಮಕ್ಕೆ ನೆರವು ಕೊಡುವ ಸರ್ಕಾರ ಬದಲಿಗೆ ಇಷ್ಟನ್ನು ಕೇಳಲಿ: ಇಲ್ಲಿನ ಫೋನಿಗೆ ಬರುವ ಪ್ರತಿ ಆಟದ ಮೇಲೆ ವಯಸ್ಸು ಮತ್ತು ಅದರ ಕಾರಣ ಎದ್ದು ಕಾಣುವಂತೆ ಕನ್ನಡದಲ್ಲಿರಬೇಕು. ಅದನ್ನು ತೀರ್ಮಾನಿಸುವ ಸಮಿತಿಯಲ್ಲಿ ಆಟ ತಯಾರಿಸುವವರ ಜೊತೆ ಶಾಲೆಯ ಮೇಷ್ಟ್ರು, ಮಕ್ಕಳ ಮನೋವೈದ್ಯರು, ತಂದೆತಾಯಿ ಕೂರಬೇಕು. ತೀರ್ಮಾನದ ಕಾರಣ ಎಲ್ಲರಿಗೂ ಓದಲು ಸಿಗಬೇಕು. ಇದಕ್ಕೆ ಹೊಸ ಅಪರಾಧ ಬೇಕಿಲ್ಲ, ದಂಡ ಬೇಕಿಲ್ಲ, ಪೊಲೀಸ್ ಕಮಿಷನರ್ ಪರವಾನಗಿಯೂ ಬೇಕಿಲ್ಲ. ನೀತಿಯ ಮುಂದಿನ ತಿದ್ದುಪಡಿಗೆ ಕಾಯದೆ ಸರ್ಕಾರ ಈ ಕೆಲಸ ಶುರು ಮಾಡಲಿ.